ಆಸ್ಪೆನ್ ದಿಮ್ಮಿಯಿಂದ ಸೂಮಾ ದೋಣಿ ಕಡೆಯುವ ಬಗೆ

ಎಸ್ಟೋನಿಯಾದ ಸೂಮಾ ಜೌಗುನಾಡಿನಲ್ಲಿ ಹಿಮ ಕರಗುವ ಹೊತ್ತಿಗೆ ನದಿಗಳು ದಂಡೆ ಮೀರಿ ಹರಿದು, ಕಾಡು, ಹುಲ್ಲುಗಾವಲು, ರಸ್ತೆಗಳೆಲ್ಲ ಮುಳುಗುತ್ತವೆ. ಅಲ್ಲಿನವರು ಈ ನೆರೆಗಾಲವನ್ನು ಐದನೆಯ ಋತುವೆಂದೇ ಎಣಿಸುತ್ತಾರೆ. ಆಗ ಓಡಾಟಕ್ಕೆ ತಲೆಮಾರುಗಳಿಂದ ಒದಗಿ ಬಂದದ್ದು ಪಾಪ್ಲರ್ ಕುಲದ ಆಸ್ಪೆನ್ ಮರದ ಒಂದೇ ದಿಮ್ಮಿಯಿಂದ ಕಡೆದು, ಬೆಂಕಿಯ ಕಾವಿನಲ್ಲಿ ಅಗಲಿಸಿದ ದೋಣಿ. ಈ ವಿದ್ಯೆಯನ್ನು ಯುನೆಸ್ಕೊ 2021ರಲ್ಲಿ ತುರ್ತಾಗಿ ಉಳಿಸಿಕೊಳ್ಳಬೇಕಾದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಮೊದಲ ಕೆಲಸ ಮರದ ಆಯ್ಕೆ, ಕಷ್ಟದ ಕೆಲಸವೂ ಅದೇ. ನೆಟ್ಟಗೆ ಬೆಳೆದ, ಕೆಳಭಾಗದಲ್ಲಿ ಕೊಂಬೆಗಳಿಲ್ಲದ, ಎಳೆ ತಿರುಚಿಕೊಳ್ಳದ ದಪ್ಪ ಮರವೇ ಬೇಕು. ಆದರೆ ದಪ್ಪವಾಗುವಷ್ಟು ವಯಸ್ಸಾದ ಆಸ್ಪೆನ್ ಮರಗಳಲ್ಲಿ ತಿರುಳು ಕೊಳೆತಿರುವುದು ಸಾಮಾನ್ಯ. ಗಂಟು ಇರುವಲ್ಲಿ ಮುಂದೆ ಬಿರುಕು ಬಿಡುವ ಅಪಾಯವಿರುವುದರಿಂದ ಇಲ್ಲಿ ರಾಜಿ ಮಾಡಿಕೊಳ್ಳಬಾರದು. ಮರ ಹಸಿಯಾಗಿರುವಾಗಲೇ ಕೆಲಸ ಹಿಡಿಯಬೇಕು.

ಕೊಡಲಿಯಿಂದ ದಿಮ್ಮಿಯ ಹೊರಮೈಗೆ ದೋಣಿಯ ಆಕಾರ ಕೊಟ್ಟು, ಎರಡೂ ತುದಿಗಳನ್ನು ಚೂಪಾಗಿಸಬೇಕು. ಅನಂತರ ಹೊರಮೈಯುದ್ದಕ್ಕೂ ಸಣ್ಣ ತೂತುಗಳನ್ನು ಕೊರೆದು, ಗೋಡೆ ಎಷ್ಟು ದಪ್ಪವಿರಬೇಕೋ ಅಷ್ಟೇ ಉದ್ದದ ಮರದ ಬೆಣೆಗಳನ್ನು ಬಡಿಯಬೇಕು. ಬಾಚಿಯಿಂದ ಒಳಗೆ ಕೆತ್ತುತ್ತಾ ಹೋದಂತೆ ಬೆಣೆಯ ತುದಿ ಕಂಡಲ್ಲಿ ಕೈ ನಿಲ್ಲಿಸಬೇಕು. ಅಳತೆಪಟ್ಟಿಯಿಲ್ಲದೆ ಇಡೀ ದೋಣಿಯ ದಪ್ಪವನ್ನು ಕಾಯುವ ಈ ಉಪಾಯ ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಅತ್ಯಂತ ಜಾಣ ಹೆಜ್ಜೆ. ಗೋಡೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು ಆದರೆ ಅಗಲಿಸುವಾಗ ಅದು ಸಮನಾಗಿ ಬಾಗದೆ ಸೀಳುತ್ತದೆ.

ಇನ್ನು ಬೆಂಕಿಯ ಕೆಲಸ. ದೋಣಿಯ ಒಡಲನ್ನು ನೀರಿನಿಂದ ತೋಯಿಸಿ, ಉದ್ದಕ್ಕೂ ಹದವಾದ ಬೆಂಕಿಯ ಕಾವು ಕೊಡಬೇಕು. ಹಸಿಮರದ ನಾರುಗಳನ್ನು ಹಿಡಿದಿರುವ ಲಿಗ್ನಿನ್ ಬಿಸಿಗೂ ತೇವಕ್ಕೂ ಮೆತ್ತಗಾಗಿ, ಕಿರಿದಾಗಿದ್ದ ಬಾಯಿ ತೆರೆದುಕೊಳ್ಳತೊಡಗುತ್ತದೆ. ಆಗ ಎರಡು ಅಂಚುಗಳ ನಡುವೆ ಅಡ್ಡಕೋಲುಗಳನ್ನು ಸಿಕ್ಕಿಸಿ, ಮರ ಸಡಿಲಿಸಿದಷ್ಟೇ ಉದ್ದದ ಹೊಸ ಕೋಲುಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗಬೇಕು. ಅವಸರ ಮಾಡಿದರೆ ದೋಣಿ ಸೀಳಿ, ಅಲ್ಲಿಯವರೆಗಿನ ದುಡಿಮೆಯೆಲ್ಲ ವ್ಯರ್ಥವಾಗುತ್ತದೆ. ನಡುಭಾಗ ಅಗಲವಾದಂತೆ ಎರಡೂ ತುದಿಗಳು ತಾವಾಗಿಯೇ ಮೇಲೇಳುತ್ತವೆ.

ತಣಿದ ಮೇಲೆ ಆಕಾರ ನಿಲ್ಲಲು ಒಳಗೆ ಬಾಗಿದ ಪಕ್ಕೆಗಳನ್ನು ಜೋಡಿಸಿ, ಮೈಗೆ ಟಾರ್ ಬಳಿಯಬೇಕು.

ಆಸ್ಪೆನ್ ಮರ ಹಗುರ, ಮೃದು, ಒಂದೇ ಸಮನಾದ ಎಳೆಯದು; ಈ ಗುಣಗಳಿಂದಲೇ ಅದು ಬೆಂಕಿಕಡ್ಡಿಗೂ ಒದಗುತ್ತದೆ, ಅಂಟು ಸೂಸದೆ ಮೈ ಸುಡದಿರುವುದರಿಂದ ಸೌನಾ ಸ್ನಾನದ ಮನೆಯ ಆಸನಗಳಿಗೂ ಒದಗುತ್ತದೆ. ಆದರೆ ಮಣ್ಣಿನ ತೇವ ತಾಗಿದರೆ ಬೇಗ ಕೊಳೆಯುತ್ತದೆ. ಆದ್ದರಿಂದ ನೆರೆ ಇಳಿದ ಮೇಲೆ ದೋಣಿಯನ್ನು ನೆಲಕ್ಕೆ ತಾಗದಂತೆ ಅಡ್ಡಮರಗಳ ಮೇಲೆ ಬೋರಲಾಗಿ, ನೆರಳಿನಲ್ಲಿ ಇಡಬೇಕು.