ರೂಟರ್ ಇಲ್ಲದೆ ಎರಡು ಲಿನಕ್ಸ್ ಲ್ಯಾಪ್‌ಟಾಪ್‌ಗಳ ವೈಫೈ ಜೋಡಣೆ: ನಾನು ಸರಿಮಾಡಿಕೊಂಡ ಬಗೆ

ಎರಡು ಲಿನಕ್ಸ್ ಲ್ಯಾಪ್‌ಟಾಪ್‌ಗಳನ್ನು ರೂಟರ್ ಇಲ್ಲದೆ ನೇರವಾಗಿ ವೈಫೈನಲ್ಲಿ ಜೋಡಿಸಲು ಹೊರಟವರನ್ನು ಹೆಚ್ಚಾಗಿ ಕಾಡುವುದು ಒಂದೇ ತೊಂದರೆ. ಎರಡೂ ಕಡೆ ‘ಸೇರಿದೆ’ ಎಂದು ತೋರಿಸುತ್ತದೆ, ಆದರೆ ಪಿಂಗ್ (ಎದುರಿನ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಸಣ್ಣ ಪರೀಕ್ಷೆ) ಹೋಗುವುದಿಲ್ಲ. ಎಲ್ಲ ಸರಿಯಿದೆ ಅಂತ ಕಂಪ್ಯೂಟರ್ ಹೇಳುತ್ತಿರುವಾಗ ಎಲ್ಲಿಂದ ಹುಡುಕುವುದು? ನನಗೆ ದಾರಿ ಸಿಕ್ಕಿದ್ದು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋದಾಗ. ಮೊದಲು ರೇಡಿಯೊ, ಆಮೇಲೆ ಜಾಲ, ಆಮೇಲೆ ವಿಳಾಸ, ಕೊನೆಗೆ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್.

ಇದು ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ನಾನು ತಾಳಮದ್ದಳೆಗಳನ್ನು ರೆಕಾರ್ಡ್ ಮಾಡುತ್ತೇನೆ. ಅರ್ಥಧಾರಿಗಳು ಆಡುವ ಮಾತು ಮೊದಲೇ ಬರೆದಿಟ್ಟಿದ್ದಲ್ಲ, ಆ ಹೊತ್ತಿಗೆ ಹುಟ್ಟುವುದು. ಅದೇ ಪ್ರಸಂಗ, ಅದೇ ಕಲಾವಿದರು ಇದ್ದರೂ ಇನ್ನೊಂದು ದಿನ ಅದೇ ಮಾತು ಸಿಗುವುದಿಲ್ಲ. ಹಾಗಾಗಿ ರೆಕಾರ್ಡ್ ಆಗುತ್ತಿರುವಾಗಲೇ ಇನ್ನೊಂದು ಲ್ಯಾಪ್‌ಟಾಪ್‌ಗೆ ಅದರ ಪ್ರತಿ ಹೋಗುತ್ತಿರಬೇಕು ಎಂಬುದು ನನ್ನ ಹಟ. ಮಲೆನಾಡಿನ ದೇವಸ್ಥಾನದ ಸಭಾಭವನದಲ್ಲಿ ಇಂಟರ್ನೆಟ್ ಇರುವುದಿಲ್ಲ. ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ರೂಟರ್ ಆರುತ್ತದೆ. ಕೇಬಲ್ ಎಳೆಯಬಹುದಲ್ವಾ ಎಂದು ನೀವು ಕೇಳಬಹುದು. ಎಳೆಯಲು ಆಗುವ ಕಡೆ ಕೇಬಲ್ಲೇ ಒಳ್ಳೆಯದು. ಆದರೆ ಹೊಸ ಲ್ಯಾಪ್‌ಟಾಪ್‌ಗೆ ಲ್ಯಾನ್ ಪೋರ್ಟ್ ಇಲ್ಲ, ಜೊತೆಗೆ ವೇದಿಕೆಯಿಂದ ಹಿಂದಿನ ಕೋಣೆಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಜನ ಓಡಾಡುತ್ತಾರೆ.

ಬೇಕಾದ ವೇಗವೂ ಅಷ್ಟು ದೊಡ್ಡದಲ್ಲ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ಎಂದರೆ ಸೆಕೆಂಡಿಗೆ 288 ಕಿಲೋಬೈಟ್, ಗಂಟೆಗೆ ಸುಮಾರು 1 ಗಿಗಾಬೈಟ್. ಸಾಧಾರಣ ವೈಫೈ ಕೂಡ ಇದನ್ನು ಹೊರುತ್ತದೆ.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅಥೆರೋಸ್ ಕಂಪನಿಯ ವೈಫೈ ಚಿಪ್ ಇದೆ, ಅದನ್ನು ನಡೆಸುವುದು ಎಟಿಎಚ್9ಕೆ ಡ್ರೈವರ್. ಈ ಕೆಲಸಕ್ಕೆ ಅದು ನನಗೆ ತುಂಬಾ ನಂಬಿಕೆಯದು. ಹೊಸದರಲ್ಲಿ ಬೇರೊಂದು ಕಂಪನಿಯ ವೈಫೈ ಕಾರ್ಡ್ ಇದೆ. ಎರಡರಲ್ಲೂ ಟರ್ಮಿನಲ್‌ನಲ್ಲಿ ಮೊದಲು ಕೊಟ್ಟ ಆದೇಶ ‘ಆರ್‌ಎಫ್‌ಕಿಲ್ ಲಿಸ್ಟ್’. ರೇಡಿಯೊ ಆರಿಸಿಟ್ಟಿದೆಯೇ ಎಂದು ಅದು ಹೇಳುತ್ತದೆ. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ಸಾಕು. ‘ಹಾರ್ಡ್ ಬ್ಲಾಕ್ಡ್’ ಇದ್ದರೆ ಮಾತ್ರ ಯಾವ ಆದೇಶಕ್ಕೂ ಬಗ್ಗುವುದಿಲ್ಲ, ಲ್ಯಾಪ್‌ಟಾಪ್‌ನ ಪಕ್ಕದಲ್ಲೋ ಕೀಬೋರ್ಡ್‌ನಲ್ಲೋ ಇರುವ ಸ್ವಿಚ್ ಹುಡುಕಬೇಕು.

ಆಮೇಲೆ ‘ಐಡಬ್ಲ್ಯೂ ಲಿಸ್ಟ್’. ಇದು ಕಾರ್ಡಿಗೆ ಏನೇನು ಬರುತ್ತದೆ ಎಂಬ ಉದ್ದದ ಪಟ್ಟಿಯನ್ನೇ ಸುರಿಯುತ್ತದೆ. ಅದರಲ್ಲಿ ‘ಸಪೋರ್ಟೆಡ್ ಇಂಟರ್‌ಫೇಸ್ ಮೋಡ್ಸ್’ ಎಂಬ ಭಾಗ ನೋಡಿ. ಅಲ್ಲಿ ‘ಐಬಿಎಸ್‌ಎಸ್’ ಎಂದು ಇರಬೇಕು. ರೂಟರ್ ಇಲ್ಲದೆ ಕಾರ್ಡುಗಳು ನೇರವಾಗಿ ಮಾತಾಡುವ ಈ ಬಗೆಯನ್ನೇ ನಾವು ಆಡ್‌ಹಾಕ್ ಎಂದು ಕರೆಯುವುದು. ಇದು ಹೊಸದೇನಲ್ಲ, 1997ರ ಮೊದಲ ವೈಫೈ ಸ್ಟ್ಯಾಂಡರ್ಡ್‌ನಲ್ಲೇ ಇತ್ತು. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಸುಮ್ನೆ ಹೆಣಗಬೇಡಿ. ಆ ಡ್ರೈವರ್‌ಗೆ ಅದು ಬರುವುದಿಲ್ಲ ಅಷ್ಟೆ. ಬೇರೆ ದಾರಿ ಇದೆ, ಕೆಳಗೆ ಹೇಳುತ್ತೇನೆ. ಹಳೆಯ ಲೇಖನಗಳಲ್ಲಿ ‘ಐಡಬ್ಲ್ಯೂಕಾನ್ಫಿಗ್’ ಬಳಸಿರುತ್ತಾರೆ. ಈಗ ಅದನ್ನು ಬಿಟ್ಟು ‘ಐಡಬ್ಲ್ಯೂ’ ಬಳಸುವುದು ಒಳ್ಳೆಯದು, ಅದು ಕೊಡುವ ತಪ್ಪಿನ ಸಂದೇಶಗಳೂ ಹೆಚ್ಚು ಸ್ಪಷ್ಟ.

ಮೋಡ್ ಬದಲಿಸಲು ಹೋದಾಗ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ (-16)’ ಎಂಬ ಉತ್ತರ ಬಂತು. ಕಾರ್ಡ್ ಚಾಲೂ ಇರುವಾಗ ಮೋಡ್ ಬದಲಿಸಲು ಹೋದರೆ ಹೀಗೆ ಬರುತ್ತದೆ. ಮೊದಲು ‘ಐಪಿ ಲಿಂಕ್ ಸೆಟ್ ಡಬ್ಲ್ಯೂಲ್ಯಾನ್0 ಡೌನ್’ ಎಂದು ಅದನ್ನು ಇಳಿಸಬೇಕು. ನಿಮ್ಮಲ್ಲಿ ಕಾರ್ಡಿನ ಹೆಸರು ಬೇರೆ ಇರಬಹುದು, ‘ಐಡಬ್ಲ್ಯೂ ಡೆವ್’ ಎಂದರೆ ತಿಳಿಯುತ್ತದೆ. ಆದರೆ ನಾನು ಇಳಿಸಿದ ಮರುಕ್ಷಣವೇ ವೈಫೈ ಜೋಡಣೆ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶ ಅದನ್ನು ಮತ್ತೆ ಏರಿಸುತ್ತಿತ್ತು. ಅದರ ಕೆಲಸವೇ ಅದು. ‘ಎನ್‌ಎಂಸಿಎಲ್‌ಐ ಡಿವೈಸ್ ಸೆಟ್ ಡಬ್ಲ್ಯೂಲ್ಯಾನ್0 ಮ್ಯಾನೇಜ್ಡ್ ನೋ’ ಎಂದು ಹೇಳಿ, ಈ ಕಾರ್ಡನ್ನು ಅದರ ಕೈಯಿಂದ ಬಿಡಿಸಿದೆ. ಆಮೇಲೆ ಎರಡೂ ಕಡೆ ‘ಸೆಟ್ ಟೈಪ್ ಐಬಿಎಸ್‌ಎಸ್’ ತಕರಾರಿಲ್ಲದೆ ನಡೆಯಿತು. ಕಾರ್ಡನ್ನು ಮತ್ತೆ ‘ಅಪ್’ ಮಾಡಿ, ‘ಐಬಿಎಸ್‌ಎಸ್ ಜಾಯಿನ್’ ಜೊತೆಗೆ ಜಾಲದ ಹೆಸರು ಮತ್ತು 2412 ಕೊಟ್ಟೆ. 2412 ಮೆಗಾಹರ್ಟ್ಸ್ ಎಂದರೆ ಚಾನೆಲ್ 1. ಚಾನೆಲ್ 6 ಬೇಕಾದರೆ 2437, 11 ಬೇಕಾದರೆ 2462.

ಈಗ ಬಂತು ನೋಡಿ ಅಸಲಿ ತೊಂದರೆ. ‘ಐಡಬ್ಲ್ಯೂ ಡೆವ್ ಡಬ್ಲ್ಯೂಲ್ಯಾನ್0 ಲಿಂಕ್’ ಎಂದರೆ ಎರಡೂ ಕಡೆ ‘ಜಾಯಿನ್ಡ್ ಐಬಿಎಸ್‌ಎಸ್’ ಎಂಬ ಸಾಲು. ಹೆಸರು ಒಂದೇ, ಚಾನೆಲ್ ಒಂದೇ. ಐಪಿ ವಿಳಾಸ ಹಾಕಿ ಪಿಂಗ್ ಮಾಡಿದರೆ ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’. ಇಂಥ ಹೊತ್ತಿನಲ್ಲಿ ಕೈ ಫೈರ್‌ವಾಲ್ ಕಡೆಗೇ ಹೋಗುತ್ತದೆ. ಅದಕ್ಕೂ ಮೊದಲು ‘ಸ್ಟೇಷನ್ ಡಂಪ್’ ನೋಡಿ. ಈ ಕಾರ್ಡಿಗೆ ಗಾಳಿಯಲ್ಲಿ ಯಾರು ಯಾರು ಕಾಣುತ್ತಿದ್ದಾರೆ ಎಂದು ಅದು ಹೇಳುತ್ತದೆ. ನನ್ನಲ್ಲಿ ಎರಡೂ ಕಡೆ ಅದು ಖಾಲಿ ಇತ್ತು. ರೇಡಿಯೊ ಮಟ್ಟದಲ್ಲೇ ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿಲ್ಲ ಎಂದಾದರೆ ಐಪಿ, ಫೈರ್‌ವಾಲ್ ಯಾವುದನ್ನು ಮುಟ್ಟಿಯೂ ಪ್ರಯೋಜನವಿಲ್ಲ.

ಉತ್ತರ ಇದ್ದದ್ದು ‘ಜಾಯಿನ್ಡ್ ಐಬಿಎಸ್‌ಎಸ್’ ಎಂಬ ಸಾಲಿನಲ್ಲೇ, ಅದರ ಮುಂದಿನ ಅಂಕಿಗಳಲ್ಲಿ. ಅದು ಆ ಜಾಲದ ಗುರುತು, ಬಿಎಸ್‌ಎಸ್‌ಐಡಿ. ಎರಡು ಲ್ಯಾಪ್‌ಟಾಪ್‌ಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಅಂಕಿಗಳು ಬೇರೆ ಬೇರೆ. ಹೊಸಹಳ್ಳಿಯಲ್ಲಿ ಸಿಗೋಣ ಎಂದು ಮಾತಾಡಿಕೊಂಡ ಇಬ್ಬರು ಬೇರೆ ಬೇರೆ ತಾಲ್ಲೂಕಿನ ಹೊಸಹಳ್ಳಿಗಳಿಗೆ ಹೋಗಿ ಕಾಯುತ್ತಾ ಕುಳಿತ ಹಾಗೆ ಆಗಿತ್ತು.

ಹೀಗೆ ಆಗುವುದು ಯಾಕೆ? ಆಡ್‌ಹಾಕ್‌ನಲ್ಲಿ ಯಜಮಾನ ಎಂಬವನಿಲ್ಲ. ‘ಜಾಯಿನ್’ ಎಂದಾಗ ಕಾರ್ಡ್ ಮೊದಲು ಸುತ್ತಲೂ ಹುಡುಕುತ್ತದೆ. ಆ ಹೆಸರಿನ ಜಾಲ ಸಿಕ್ಕರೆ ಅದಕ್ಕೆ ಸೇರುತ್ತದೆ. ಸಿಗದಿದ್ದರೆ ತಾನೇ ಹೊಸ ಜಾಲ ಶುರುಮಾಡಿ, ಅದಕ್ಕೆ ಮನಸ್ಸಿಗೆ ಬಂದ ಒಂದು ಗುರುತು ಕೊಡುತ್ತದೆ. ಎರಡು ಕಂಪ್ಯೂಟರ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎಂಟರ್ ಒತ್ತಿದರೆ ಇಬ್ಬರಿಗೂ ಯಾರೂ ಸಿಗುವುದಿಲ್ಲ, ಇಬ್ಬರೂ ಬೇರೆ ಬೇರೆ ಜಾಲ ಹೂಡುತ್ತಾರೆ. ಕರ್ನಲ್ ಲಾಗ್ (ಲಿನಕ್ಸ್‌ನ ತಿರುಳು ಬರೆದಿಡುವ ದಿನಚರಿ) ತೆಗೆದು ನೋಡಿದರೆ ಎರಡೂ ಕಡೆ ‘ಕ್ರಿಯೇಟಿಂಗ್ ನ್ಯೂ ಐಬಿಎಸ್‌ಎಸ್ ನೆಟ್‌ವರ್ಕ್’ ಎಂಬ ಸಾಲು ಇತ್ತು. ಒಂದು ಕಡೆ ಮಾತ್ರ ಇರಬೇಕಾದ ಸಾಲು ಅದು.

ನಿಯಮದ ಪ್ರಕಾರ ಇಂಥ ಎರಡು ಜಾಲಗಳು ಆಮೇಲೆ ಒಂದಾಗಬೇಕು. ಪ್ರತಿ ಜಾಲಕ್ಕೂ ಟಿಎಸ್‌ಎಫ್ ಎಂಬ ಒಂದು ಗಡಿಯಾರ ಇದೆ. ಯಾವುದರ ಗಡಿಯಾರ ಮುಂದಿದೆಯೋ ಅದಕ್ಕೆ ಇನ್ನೊಂದು ಸೇರಿಕೊಳ್ಳಬೇಕು. ಆದರೆ ಎಲ್ಲ ಡ್ರೈವರ್‌ಗಳೂ ಇದನ್ನು ಒಂದೇ ರೀತಿ ಪಾಲಿಸುವುದಿಲ್ಲ. ಬೇರೆ ಬೇರೆ ಕಂಪನಿಗಳ ಕಾರ್ಡ್ ಜೋಡಿಸುವಾಗಂತೂ ಅದನ್ನು ನೆಚ್ಚಿಕೊಂಡು ಕೂರಬೇಡಿ. ಹಳೆಯ ಕಾರ್ಡುಗಳೆರಡು ಇದ್ದಾಗ ಇದು ತಾನಾಗಿಯೇ ಸರಿಹೋಗುವುದನ್ನು ನೋಡಿದ್ದೇನೆ, ಈ ಜೋಡಿಯಲ್ಲಿ ಆಗಲಿಲ್ಲ.

ಪರಿಹಾರ ಸರಳ. ಗುರುತನ್ನು ನಾವೇ ಕೊಟ್ಟುಬಿಡುವುದು. ಎರಡೂ ಕಡೆ ‘ಐಬಿಎಸ್‌ಎಸ್ ಲೀವ್’ ಎಂದು ಹೊರಬಂದು, ಮತ್ತೆ ಸೇರುವಾಗ 2412 ಆದಮೇಲೆ ‘ಫಿಕ್ಸ್ಡ್-ಫ್ರೆಕ್’ ಎಂದು ಬರೆದು, ಅದರ ಮುಂದೆ 02:11:22:33:44:55 ಎಂದು ಕೊಟ್ಟೆ. ಮೊದಲಿನ 02 ಮುಖ್ಯ. ಇದು ಯಾವುದೋ ಕಾರ್ಖಾನೆ ಕೊಟ್ಟ ವಿಳಾಸವಲ್ಲ, ಇಲ್ಲಿಯೇ ಇಟ್ಟುಕೊಂಡದ್ದು ಎಂದು ತಿಳಿಸುವ ಬಿಟ್ ಅದರಲ್ಲಿದೆ. ಉಳಿದ ಅಂಕಿ ನಿಮ್ಮ ಇಷ್ಟ, ಎರಡೂ ಕಡೆ ಒಂದೇ ಇದ್ದರಾಯಿತು. ಈಗ ‘ಸ್ಟೇಷನ್ ಡಂಪ್’ನಲ್ಲಿ ಎದುರಿನ ಕಾರ್ಡ್ ಬಂದು ಕುಳಿತಿತ್ತು, ಸಿಗ್ನಲ್ ಅಂಕಿಯ ಸಮೇತ. ಪಿಂಗ್ ಓಡಲು ಶುರುವಾಯಿತು. ಆ ಕ್ಷಣದ ಖುಷಿಯೇ ಬೇರೆ.

ಚಾನೆಲ್ ವಿಷಯ ಒಂದಿದೆ. ಸಭಾಭವನ ತುಂಬಾ ಫೋನ್‌ಗಳು ಇರುತ್ತವೆ, 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಜಾಸ್ತಿ ಎಂದು ಚಾನೆಲ್ 36, ಅಂದರೆ 5180 ಕೊಟ್ಟು ನೋಡಿದೆ. ಕಾರ್ಡ್ ಒಪ್ಪಲಿಲ್ಲ. ಭಾರತದಲ್ಲಿ 2018ರಿಂದ 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗ ಲೈಸೆನ್ಸ್ ಇಲ್ಲದೆ ಬಳಸಬಹುದು, ಆದರೆ ಕಾರ್ಡಿಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಿರಬೇಕಲ್ಲ. ‘ಐಡಬ್ಲ್ಯೂ ರೆಗ್ ಗೆಟ್’ ಎಂದಾಗ ದೇಶದ ಜಾಗದಲ್ಲಿ 00 ಇದ್ದರೆ, ಎಲ್ಲ ದೇಶಕ್ಕೂ ಹೊಂದುವ ಬಿಗಿ ನಿಯಮದಲ್ಲಿ ಅದು ನಡೆಯುತ್ತಿದೆ ಎಂದರ್ಥ. ಆಗ ‘ಐಡಬ್ಲ್ಯೂ ಲಿಸ್ಟ್’ನಲ್ಲಿ ಆ ಚಾನೆಲ್‌ಗಳ ಮುಂದೆ ‘ನೋ ಐಆರ್’ ಎಂದಿರುತ್ತದೆ. ಅಲ್ಲಿ ಕಾರ್ಡ್ ಕೇಳಿಸಿಕೊಳ್ಳಬಹುದು, ತಾನಾಗಿ ಜಾಲ ಶುರುಮಾಡುವಂತಿಲ್ಲ. ‘ರೆಗ್ ಸೆಟ್ ಐಎನ್’ ಎಂದರೆ ಕೆಲವು ಕಾರ್ಡು ಕೇಳುತ್ತವೆ. ಇನ್ನು ಕೆಲವು ತಮ್ಮದೇ ಲೆಕ್ಕದಲ್ಲಿ ನಡೆಯುತ್ತವೆ. ನನಗೆ ಬೇಕಾದ ವೇಗ 2.4ರಲ್ಲೇ ಸಿಗುತ್ತಿದ್ದರಿಂದ ಚಾನೆಲ್ 1ಕ್ಕೇ ವಾಪಸ್ ಬಂದೆ.

ಇನ್ನೂ ಒಂದು ಮಾತು ನೆನಪಿರಲಿ. ಕಾರ್ಡಿನಲ್ಲಿರುವುದು ಒಂದು ರೇಡಿಯೊ. ಅದೇ ಕಾರ್ಡಿನಲ್ಲಿ ಮನೆಯ ರೂಟರ್ ಚಾನೆಲ್ 6ರಲ್ಲೂ ಆಡ್‌ಹಾಕ್ ಚಾನೆಲ್ 1ರಲ್ಲೂ ಇರಲಿ ಎಂದರೆ ಸಾಮಾನ್ಯವಾಗಿ ಆಗುವುದಿಲ್ಲ.

ವಿಳಾಸ ಹಾಕುವಾಗ 192.168.1 ಎಂದು ಶುರುವಾಗುವುದನ್ನು ಬಿಡಿ. ಅನೇಕ ಮನೆ ರೂಟರ್‌ಗಳು ಅದನ್ನೇ ಬಳಸುತ್ತವೆ. ಇನ್ನೊಂದು ಕಾರ್ಡಿನಲ್ಲಿ ಅದೇ ಸಾಲಿನ ವಿಳಾಸ ಇದ್ದರೆ ಪ್ಯಾಕೆಟ್ ಆ ಕಡೆ ಹೋಗಿಬಿಡುತ್ತದೆ. ನಾನು ಇಟ್ಟುಕೊಂಡದ್ದು 10.77.0.1 ಮತ್ತು 10.77.0.2, ಎರಡಕ್ಕೂ 24ರ ಮಾಸ್ಕ್, ಅಂದರೆ ಮೊದಲ ಮೂರು ಅಂಕಿ ಒಂದೇ ಇದ್ದವರೆಲ್ಲ ಒಂದೇ ಜಾಲದವರು. ಇಲ್ಲಿ ವಿಳಾಸ ಹಂಚುವ ರೂಟರ್ ಇಲ್ಲವಾದ್ದರಿಂದ ಕೈಯಿಂದಲೇ ಹಾಕಬೇಕು. ಅನುಮಾನ ಬಂದರೆ ‘ಐಪಿ ರೂಟ್ ಗೆಟ್ 10.77.0.2’ ಎಂದು ಕೇಳಿ. ಪ್ಯಾಕೆಟ್ ಯಾವ ಕಾರ್ಡಿನಿಂದ ಹೊರಡುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ‘ಐಪಿ ನೇಬರ್’ ಕೂಡ ಒಳ್ಳೆಯ ಸಾಕ್ಷಿ. ಅಲ್ಲಿ ‘ರೀಚಬಲ್’ ಇದ್ದರೆ ಕೆಳಗಿನದೆಲ್ಲ ಸರಿ. ‘ಇನ್‌ಕಂಪ್ಲೀಟ್’ ಅಥವಾ ‘ಫೇಲ್ಡ್’ ಇದ್ದರೆ ಮತ್ತೆ ರೇಡಿಯೊ ಕಡೆಗೇ ನೋಡಿ.

ಪಿಂಗ್ ಹೋಗುತ್ತದೆ, ಇನ್ನೊಂದು ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಮಾತ್ರ ಆಗುವುದಿಲ್ಲ ಎಂದಾದಾಗ ಫೈರ್‌ವಾಲ್‌ನ ಸರದಿ. ಬರುವ ಸಂದೇಶವನ್ನು ಗಮನಿಸಿ ಓದಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಕೂಡಲೇ ಬಂದರೆ ಹೆಚ್ಚಾಗಿ ಆ ಕಡೆ ಎಸ್‌ಎಸ್‌ಎಚ್ ಸರ್ವರ್ ನಡೆಯುತ್ತಲೇ ಇಲ್ಲ. ತುಂಬಾ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಎಂದರೆ ಹೆಚ್ಚಾಗಿ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್ ನುಂಗುತ್ತಿದೆ. ನನ್ನಲ್ಲಿ ಎರಡನೆಯದು. ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್‌ನಲ್ಲಿ, ಆ ಕಾರ್ಡಿನ ಮೂಲಕ 10.77.0.1ರಿಂದ ಬರುವುದಕ್ಕೆ ಮಾತ್ರ ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್ ತೆರೆದೆ. ಇಡೀ ಫೈರ್‌ವಾಲ್ ಆರಿಸುವ ಅಗತ್ಯ ಇರಲಿಲ್ಲ.

ಜಾಲಕ್ಕೆ ಪಾಸ್‌ವರ್ಡ್ ಹಾಕಬೇಡವೇ? ಹಳೆಯ ಸೂಚನೆಗಳಲ್ಲಿ ಡಬ್ಲ್ಯೂಇಪಿ ಎಂಬ ಹಳೆಯ ವೈಫೈ ಭದ್ರತೆಯ ಹೆಸರಿರುತ್ತದೆ. ಅದು ಒಡೆದು ಎಷ್ಟೋ ವರ್ಷ ಆಯಿತು. ಅದರ ನಂತರ ಬಂದ ಡಬ್ಲ್ಯೂಪಿಎ2 ಆಡ್‌ಹಾಕ್‌ನಲ್ಲೂ ಸಾಧ್ಯ, ಆದರೆ ಎಲ್ಲ ಡ್ರೈವರ್‌ನಲ್ಲೂ ನಡೆಯುವುದಿಲ್ಲ. ನಾನು ಜಾಲವನ್ನು ತೆರೆದೇ ಬಿಟ್ಟು, ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀಲಿ ಮಾತ್ರ ಇಟ್ಟಿದ್ದೇನೆ. ಫೈಲ್‌ಗಳು ಎಸ್‌ಎಸ್‌ಎಚ್ ಒಳಗೇ ಗುಪ್ತವಾಗಿ ಹೋಗುತ್ತವೆ. ಬೇರೆ ಯಾವ ಸೇವೆಯೂ ಆ ಕಾರ್ಡಿನಲ್ಲಿ ತೆರೆದಿಲ್ಲ.



ಎರಡನೇ ಲ್ಯಾಪ್‌ಟಾಪನ್ನು ಹಿಂದಿನ ಕೋಣೆಗೆ ಒಯ್ದು ಇಟ್ಟಾಗ ನಡುವೆ ಕಲ್ಲಿನ ದಪ್ಪ ಗೋಡೆ ಬಂತು. ಸಿಗ್ನಲ್ ಕುಸಿದು, ‘ಟಿಎಕ್ಸ್ ಬಿಟ್‌ರೇಟ್’ 11 ಮೆಗಾಬಿಟ್‌ಗೆ ಇಳಿಯಿತು. 11 ಎಂದರೂ ಕೈಗೆ ಸಿಗುವುದು ಅದರ ಅರ್ಧದಷ್ಟು, 5ರ ಆಸುಪಾಸು. ಅಷ್ಟೇ ಸಾಕಾಯಿತು. ರೆಕಾರ್ಡ್ ಮಾಡುವ ‘ಎ-ರೆಕಾರ್ಡ್’ಗೆ ‘ಮ್ಯಾಕ್ಸ್-ಫೈಲ್-ಟೈಮ್ 900’ ಎಂದು ಹೇಳಿದರೆ 15 ನಿಮಿಷಕ್ಕೊಂದು ಫೈಲ್ ಮಾಡುತ್ತದೆ. ಒಂದೊಂದೂ 260 ಮೆಗಾಬೈಟ್ ಹತ್ತಿರ. ಈ ವೇಗದಲ್ಲಿ ಅದು ಹೋಗಿ ಮುಟ್ಟಲು 7 ನಿಮಿಷ. ಮುಂದಿನ ಫೈಲ್ ಮುಗಿಯುವುದರೊಳಗೆ ಹಿಂದಿನದು ಹಿಂದಿನ ಕೋಣೆ ಸೇರಿರುತ್ತದೆ. ಮುಗಿದ ಫೈಲ್‌ಗಳನ್ನಷ್ಟೇ, ಪ್ರತಿ ಕಳಿಸುವ ಆರ್‌ಸಿಂಕ್‌ಗೆ ಒಪ್ಪಿಸುವ ಪುಟ್ಟ ಸ್ಕ್ರಿಪ್ಟ್ ಹಿಂದಿನಿಂದ ಓಡುತ್ತಿರುತ್ತದೆ. ಎರಡೂ ಕಂಪ್ಯೂಟರ್‌ಗಳ ಗಡಿಯಾರ ಸರಿ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಫೈಲಿನ ಹೆಸರಿನಲ್ಲಿ ನಾನು ದಿನಾಂಕ, ಸಮಯ ಸೇರಿಸುತ್ತೇನೆ, ಗಡಿಯಾರ ತಪ್ಪಿದ್ದರೆ ಯಾವ ಪದ್ಯದ ನಂತರ ಯಾವುದು ಎಂದು ಜೋಡಿಸುವುದು ಕಷ್ಟ.

ಪಟ್ಟಿಯಲ್ಲಿ ಐಬಿಎಸ್‌ಎಸ್ ಇಲ್ಲದವರಿಗೆ ಇನ್ನೊಂದು ದಾರಿ ಎಂದೆನಲ್ಲ, ಅದು ಹಾಟ್‌ಸ್ಪಾಟ್. ‘ಐಡಬ್ಲ್ಯೂ ಲಿಸ್ಟ್’ನಲ್ಲಿ ‘ಎಪಿ’ ಎಂದಿದ್ದರೆ ಆ ಲ್ಯಾಪ್‌ಟಾಪನ್ನೇ ರೂಟರ್ ಮಾಡಬಹುದು. ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಹಾಟ್‌ಸ್ಪಾಟ್’ ಎಂದು ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು. ನೆಟ್‌ವರ್ಕ್‌ಮ್ಯಾನೇಜರ್ ತಾನು ಸಾಮಾನ್ಯವಾಗಿ 10.42.0.1 ಎಂಬ ವಿಳಾಸ ಇಟ್ಟುಕೊಂಡು, ಸೇರುವವರಿಗೆ ತಾನೇ ವಿಳಾಸ ಹಂಚುತ್ತದೆ. ಡಬ್ಲ್ಯೂಪಿಎ2 ಕೂಡ ಸಿಗುತ್ತದೆ. ಫೋನ್ ಕೂಡ ಸೇರಿಸಬೇಕು ಎಂದಿದ್ದರೆ ಇದೇ ಸರಿ, ಆಂಡ್ರಾಯ್ಡ್ ಫೋನ್‌ಗಳು ಆಡ್‌ಹಾಕ್ ಜಾಲಕ್ಕೆ ಸೇರುವುದಿಲ್ಲ. ಸೇರಿದವರಿಗೆ ವಿಳಾಸ ಸಿಗದಿದ್ದರೆ ವಿಳಾಸ ಹಂಚುವ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಇದೆಯೇ, ಫೈರ್‌ವಾಲ್‌ನಲ್ಲಿ ಅದಕ್ಕೆ ಬೇಕಾದ ಯುಡಿಪಿ 67ನೇ ಪೋರ್ಟ್ ತೆರೆದಿದೆಯೇ ಎಂದು ನೋಡಿ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದೂ ಇದನ್ನೇ. ಆದರೂ ನನ್ನ ಕೆಲಸಕ್ಕೆ ಆಡ್‌ಹಾಕ್ ಇಷ್ಟ. ಒಂದು ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದರೂ ಇನ್ನೊಂದು ಜಾಲ ಹಿಡಿದುಕೊಂಡೇ ಇರುತ್ತದೆ. ಯಾವುದು ಮೊದಲು ಶುರುವಾಗಬೇಕು ಎಂಬ ಲೆಕ್ಕ ಇಲ್ಲ.

ಕೆಲಸ ಮುಗಿದ ಮೇಲೆ ‘ಐಬಿಎಸ್‌ಎಸ್ ಲೀವ್’, ಕಾರ್ಡ್ ಡೌನ್, ‘ಸೆಟ್ ಟೈಪ್ ಮ್ಯಾನೇಜ್ಡ್’, ಆಮೇಲೆ ‘ಮ್ಯಾನೇಜ್ಡ್ ಯೆಸ್’. ಇಷ್ಟು ಮಾಡಿದರೆ ನೆಟ್‌ವರ್ಕ್‌ಮ್ಯಾನೇಜರ್ ಮತ್ತೆ ಮನೆಯ ವೈಫೈ ಹಿಡಿಯುತ್ತದೆ.