ಸಾಕೆಟ್ ಸುಟ್ಟಿದೆಯಾ? ಮುಚ್ಚಿಡಬೇಡಿ: ಹೊಸಬರಿಗೆ ಮಾರ್ಗದರ್ಶಿ

ಊರು ಬಿಟ್ಟು ಹೊರದೇಶದ ಹೊಸ ಮನೆಗೆ ಬಂದು ಪೆಟ್ಟಿಗೆ ಬಿಚ್ಚುವ ಗಡಿಬಿಡಿಯಲ್ಲಿ ಗೋಡೆಯ ಸಾಕೆಟ್ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ನಮ್ಮದೂ ಹೋಗಿರಲಿಲ್ಲ. ಬಂದ ಮೂರನೇ ವಾರ, ಮಗು ಮಲಗುವ ಕೋಣೆಯಲ್ಲಿ ಹೀಟರ್ ಹಾಕಿದ್ದ ಸಾಕೆಟ್ಟಿನ ಬಲಗಡೆಯ ತೂತಿನ ಸುತ್ತ ಕಂದು ಬಣ್ಣದ ಉಂಗುರ ಕಾಣಿಸಿತು. ಪ್ಲಾಸ್ಟಿಕ್ ಸ್ವಲ್ಪ ಉಬ್ಬಿತ್ತು. ಅದಕ್ಕೆ ಎರಡು ದಿನ ಮೊದಲಿನಿಂದ ಕೋಣೆಯಲ್ಲಿ ಮೀನು ಕೊಳೆತಂಥ ವಾಸನೆ ಬರುತ್ತಿತ್ತು. ಕಸದ ಡಬ್ಬಿಯದು ಅಂದುಕೊಂಡು ಡಬ್ಬಿ ತೊಳೆದಿಟ್ಟಿದ್ದೆವು.

ಉಂಗುರ ಕಂಡ ಮೇಲೆ ನಾವು ಏನು ಮಾಡಿದೆವು ಗೊತ್ತಾ? ಹೀಟರನ್ನು ಪಕ್ಕದ ಸಾಕೆಟ್ಟಿಗೆ ಹಾಕಿದೆವು. ಸುಟ್ಟಿದ್ದರ ಮುಂದಕ್ಕೆ ಮಂಚ ಎಳೆದೆವು. ಮನೆ ಮಾಲೀಕರಿಗೆ ಗೊತ್ತಾದರೆ ಅಡ್ವಾನ್ಸ್ ಹಣ ಹಿಡಿದುಕೊಳ್ಳುತ್ತಾರೆ ಎಂಬ ಭಯ. ಹಾಗೇ 11 ದಿನ ಕಳೆದೆವು, ಮಗುವಿನ ಹಾಸಿಗೆ ಆ ಸಾಕೆಟ್ಟಿಗೆ ತಾಗಿಕೊಂಡು. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ. ನೀವು ಅಂಥ ಒಂದು ದಿನವನ್ನೂ ಕಳೆಯಬಾರದು, ಅದಕ್ಕೇ ಈ ಭಾಗ.

ಕಂಡ ಕೂಡಲೇ

ಮುಟ್ಟಬೇಡಿ, ಪ್ಲಗ್ ಕೀಳಬೇಡಿ. ಮೊದಲು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೋರ್ಡಿಗೆ ಹೋಗಿ ಆ ಲೈನ್ ಆಫ್ ಮಾಡಿ. ಯಾವ ಎಂಸಿಬಿ ಯಾವ ಕೋಣೆಗೆ ಅಂತ ಗೊತ್ತಿಲ್ಲವಾ? ಮೇನ್ ಸ್ವಿಚ್ ಇಳಿಸಿ. ಕತ್ತಲಾದರೆ ಆಗಲಿ, ಮೊಬೈಲ್ ಟಾರ್ಚ್ ಇದೆಯಲ್ಲ. ಕೋಣೆಯ ದೀಪ ಆರಿತು ಎಂದರೆ ಸಾಕೆಟ್ಟಿಗೂ ಕರೆಂಟ್ ಹೋಯಿತು ಎಂದಲ್ಲ. ದೀಪಕ್ಕೂ ಸಾಕೆಟ್ಟಿಗೂ ಬೇರೆ ಬೇರೆ ಲೈನ್ ಇರುವುದೇ ಹೆಚ್ಚು.

ನಾವೆಲ್ಲ ಊರಲ್ಲಿ ಬೋರ್ಡಿನ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಬೆಳೆದವರು. ಎಷ್ಟೋ ದೇಶಗಳ ಸಾಕೆಟ್ಟಿನಲ್ಲಿ ಆ ಸ್ವಿಚ್ಚೇ ಇರುವುದಿಲ್ಲ. ಸ್ವಿಚ್ ಇದ್ದರೂ, ಒಳಗೆ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿದ್ದಾಗ ಅದನ್ನು ನಂಬುವ ಹಾಗಿಲ್ಲ. ಕರೆಂಟ್ ಇರುವಾಗ ಕರಗಿದ ಪ್ಲಗ್ ಎಳೆದರೆ ಕಿಡಿ ಹಾರುತ್ತದೆ, ಒಮ್ಮೊಮ್ಮೆ ಸಾಕೆಟ್ಟಿನ ಮುಖವೇ ಕಿತ್ತು ಬಂದು ಬರಿ ವೈರು ಹೊರಗೆ ಬೀಳುತ್ತದೆ. ಲೈನ್ ಆಫ್ ಆದ ಮೇಲೂ ಸ್ವಲ್ಪ ಹೊತ್ತು ಆರಲು ಬಿಡಿ. ಆಮೇಲೆ ಒಣಗಿದ ಕೈಯಲ್ಲಿ ಪ್ಲಗ್ ಹಿಡಿದು ಎಳೆಯಿರಿ. ಅಂಟಿಕೊಂಡಿದ್ದರೆ ಬಲ ಹಾಕಬೇಡಿ, ರಿಪೇರಿಯವರು ಬರುವವರೆಗೆ ಹಾಗೇ ಇರಲಿ.

ಈಗ ಅಂಗೈಯ ಹಿಂಭಾಗದಿಂದ ಸಾಕೆಟ್ಟಿನ ಸುತ್ತಲ ಗೋಡೆ ಮುಟ್ಟಿ ನೋಡಿ. ಮೇಲಕ್ಕೂ ಕೈ ಆಡಿಸಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ. ಗೋಡೆ ಬಿಸಿ ಇದ್ದರೆ, ಬಿಸಿ ಏರುತ್ತಿದ್ದರೆ, ಸುಟ್ಟ ವಾಸನೆ ಹೋಗದಿದ್ದರೆ ಒಳಗೆ ಏನೋ ಹೊಗೆಯಾಡುತ್ತಿರಬಹುದು. ಮರದ ಚೌಕಟ್ಟಿನ ಗೋಡೆಯ ಮನೆಗಳಲ್ಲಿ ಇದು ತುಂಬಾ ಅಪಾಯ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. "ಸುಮ್ನೆ ಅವರನ್ನು ಕರೆಸಿ ಅಕ್ಕಪಕ್ಕದವರ ಮುಂದೆ ಯಾಕೆ ರಂಪ" ಎನ್ನುವ ಸಂಕೋಚ ನಮ್ಮವರಿಗೆ ಜಾಸ್ತಿ. ಆ ಸಂಕೋಚ ಇಲ್ಲಿ ಬೇಡ. ಹೀಗೆ ಅನುಮಾನ ಬಂದಾಗ ಬಂದು ನೋಡುವುದೂ ಅವರ ಕೆಲಸವೇ.

ಫ್ರಿಡ್ಜ್ ಅದೇ ಲೈನಿನಲ್ಲಿದೆ ಅಂತ ಮತ್ತೆ ಆನ್ ಮಾಡಬೇಡಿ. ಬಾಗಿಲು ತೆಗೆಯದೆ ಇಟ್ಟರೆ ಅದು ಸುಮಾರು 4 ಗಂಟೆ ತಣ್ಣಗಿರುತ್ತದೆ.

ಬೆಂಕಿ ಕಂಡರೆ

- ನೀರು ಹಾಕಬೇಡಿ. ಒದ್ದೆ ಬಟ್ಟೆಯೂ ಬೇಡ.
- ಬೋರ್ಡಿಗೆ ಹೋಗುವ ದಾರಿ ಸುರಕ್ಷಿತವಾಗಿದ್ದರೆ ಮಾತ್ರ ಮೇನ್ ಇಳಿಸಿ.
- ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಕ್ಕಿ, ಬೆಂಕಿ ಸಣ್ಣದಿದ್ದು, ಹೊರಬಾಗಿಲು ನಿಮ್ಮ ಬೆನ್ನ ಹಿಂದೆ ಇದ್ದರೆ ಮಾತ್ರ ಆರಿಸಲು ನೋಡಿ.
- ಇಲ್ಲದಿದ್ದರೆ ಎಲ್ಲರನ್ನೂ ಕರೆದುಕೊಂಡು ಹೊರಗೆ. ಬಾಗಿಲು ಎಳೆದುಕೊಳ್ಳಿ. ಲಿಫ್ಟ್ ಬೇಡ.
- ಹೊರಗೆ ಬಂದು ಫೋನ್ ಮಾಡಿ. ಪಾಸ್‌ಪೋರ್ಟ್, ಒಡವೆ ಅಂತ ವಾಪಸ್ ಒಳಗೆ ಹೋಗಬೇಡಿ.

"ಎಂಸಿಬಿ ಬೀಳಲಿಲ್ಲವಲ್ಲ?"

ಪ್ರತಿ ವರ್ಷ ಹೊಸಬರು ಕೇಳುವ ಪ್ರಶ್ನೆ ಇದು. ನಾನೂ 11 ದಿನ ಇದನ್ನೇ ನಂಬಿ ಕೂತಿದ್ದೆ. ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿ ಹರಿದಾಗ, ಇಲ್ಲವೇ ಶಾರ್ಟ್ ಆದಾಗ. ಆದರೆ ಸಾಕೆಟ್ ಸುಡುವುದು ಸಾಮಾನ್ಯವಾಗಿ ಲೂಸ್ ಕಾಂಟ್ಯಾಕ್ಟಿನಿಂದ. ಒಳಗಿನ ಸ್ಕ್ರೂ ಸಡಿಲವಾಗಿರುತ್ತದೆ, ಅಥವಾ ಪಿನ್ ಹಿಡಿಯುವ ತಗಡು ವರ್ಷಗಟ್ಟಲೆ ಬಳಸಿ ಬಿಗಿ ಕಳೆದುಕೊಂಡಿರುತ್ತದೆ. ಆ ಸಡಿಲ ಜಾಗದಲ್ಲಿ ಅರ್ಧ ಓಮ್ ತಡೆ ಇದೆ ಎಂದುಕೊಳ್ಳಿ. 10 ಆಂಪಿಯರ್ ಹರಿದರೆ ಅಲ್ಲೇ 50 ವ್ಯಾಟ್ ಶಾಖ ಹುಟ್ಟುತ್ತದೆ, ಅದೂ ಬೆರಳ ತುದಿಯಷ್ಟು ಜಾಗದಲ್ಲಿ. ಬಿಸಿಗೆ ಲೋಹ ಇನ್ನಷ್ಟು ಕೆಡುತ್ತದೆ, ತಡೆ ಇನ್ನಷ್ಟು ಏರುತ್ತದೆ. 16 ಆಂಪಿಯರಿನ ಎಂಸಿಬಿಗೆ ಇದರ ಸುಳಿವೇ ಸಿಗುವುದಿಲ್ಲ. ಆರ್‌ಸಿಸಿಬಿ (ಶಾಕ್ ಹೊಡೆಯದಂತೆ ಕಾಯುವ ಸ್ವಿಚ್) ಇದ್ದರೂ ಅಷ್ಟೆ, ಅದು ನೋಡುವುದು ಕರೆಂಟ್ ಸೋರಿಕೆಯನ್ನು.

ಹಾಗಾಗಿ ಎಚ್ಚರಿಸುವವರು ನಿಮ್ಮ ಕಣ್ಣು, ಮೂಗು, ಕಿವಿ. ಕಂದು ಕಲೆ, ಮೀನಿನ ವಾಸನೆ (ಕೆಲವು ಬಗೆಯ ಪ್ಲಾಸ್ಟಿಕ್ ಕಾದಾಗ ಹೀಗೆ ನಾರುತ್ತದೆ), ಗುಯ್ ಎನ್ನುವ ಅಥವಾ ಚಿಟಚಿಟ ಸದ್ದು, ಪ್ಲಗ್ ಕಿತ್ತಾಗ ಪಿನ್ ಸುಡುವುದು, ದೀಪ ಮಿಣುಕುವುದು. ಇದರಲ್ಲಿ ಒಂದು ಕಂಡರೂ ಆ ಸಾಕೆಟ್ ಬಳಸುವುದು ನಿಲ್ಲಿಸಿ.

ಊರಿಂದ ತಂದ ಅಭ್ಯಾಸಗಳು

ಅರ್ಥ್ ತೂತಿಗೆ ಪೆನ್ನು ತೂರಿಸಿ ಎರಡು ಪಿನ್ನಿನ ಪ್ಲಗ್ ಒತ್ತುವುದು, ವೈರ್ ತುದಿ ಹೆರೆದು ಬೆಂಕಿಕಡ್ಡಿ ಸಿಕ್ಕಿಸುವುದು, ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದನ್ನು ಪೋಣಿಸುವುದು: ಇಷ್ಟನ್ನೂ ವಿಮಾನ ಹತ್ತುವ ಮೊದಲೇ ಬಿಟ್ಟು ಬನ್ನಿ.

ಪ್ರವಾಸದ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಮೊಬೈಲ್ ಚಾರ್ಜ್ ಮಾಡಲು ಸರಿ, ಇಸ್ತ್ರಿ ಪೆಟ್ಟಿಗೆಗೆ ಅಲ್ಲ. ಊರಲ್ಲಿ 230 ವೋಲ್ಟ್. ಕೆಲವು ದೇಶಗಳಲ್ಲಿ 120. ಅಲ್ಲಿ 1500 ವ್ಯಾಟಿನ ಹೀಟರ್ ಎಳೆಯುವುದು 12.5 ಆಂಪಿಯರ್. ಅಷ್ಟೇ ವ್ಯಾಟಿನ ಹೀಟರ್ ಊರಲ್ಲಿ ಎಳೆಯುವುದು ಸುಮಾರು 6.5. ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ: ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಅಂದರೆ ಅದೇ ಸಡಿಲ ಸ್ಕ್ರೂ ಅಲ್ಲಿ ಸುಮಾರು ನಾಲ್ಕು ಪಟ್ಟು ಕಾಯುತ್ತದೆ. 230 ವೋಲ್ಟ್ ಇರುವಲ್ಲಿಗೆ ಹೋದವರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಊರಿನ 6 ಆಂಪಿಯರಿನ ಚಿಕ್ಕ ಪ್ಲಗ್ ಇರುವ ಎಕ್ಸ್‌ಟೆನ್ಷನ್ ಬಾಕ್ಸಿಗೆ 2000 ವ್ಯಾಟಿನ ಹೀಟರ್ ಹಾಕಿದರೆ ಅದು ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಹೀಟರ್, ಇಸ್ತ್ರಿ ಪೆಟ್ಟಿಗೆ, ಗೀಸರ್ ಯಾವತ್ತೂ ನೇರ ಗೋಡೆಯ ಸಾಕೆಟ್ಟಿಗೇ.

ಮಾಲೀಕರಿಗೆ ಹೇಳಿ, ಇವತ್ತೇ ಹೇಳಿ

ಇದನ್ನು ಸ್ವಲ್ಪ ಬೈದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮವರು ಬಾಡಿಗೆ ತಪ್ಪಿಸುವುದಿಲ್ಲ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆ, ಅಕ್ಕಪಕ್ಕದವರಿಗೆ ತೊಂದರೆ ಕೊಡುವುದಿಲ್ಲ. ಆ ಹೆಸರು ಸಂಪಾದಿಸಲು ಮೊದಲು ಬಂದವರು ಬಹಳ ಕಷ್ಟಪಟ್ಟಿದ್ದಾರೆ. ಆದರೆ ಅದೇ ಹೆಸರು ಉಳಿಸಿಕೊಳ್ಳಲು ಕೆಟ್ಟದ್ದನ್ನು ಮುಚ್ಚಿಡುವ ಚಾಳಿಯೂ ನಮ್ಮಲ್ಲಿದೆ. ಸುಟ್ಟ ಸಾಕೆಟ್ ಮುಂದೆ ಕ್ಯಾಲೆಂಡರ್ ನೇತುಹಾಕಿದ ಮನೆಗಳನ್ನು ನಾನೇ ನೋಡಿದ್ದೇನೆ. ಕ್ಯಾಲೆಂಡರ್ ಕಾಗದ ಅಲ್ವಾ? ಹತ್ತಿಕೊಳ್ಳಲು ಎಷ್ಟು ಹೊತ್ತು?

ಗೋಡೆಯೊಳಗಿನ ವೈರಿಂಗ್ ಸರಿಯಾಗಿಡುವುದು ಬಹಳ ಕಡೆ ಮಾಲೀಕರ ಹೊಣೆ. ಸಡಿಲ ಸ್ಕ್ರೂ ನಿಮ್ಮ ತಪ್ಪಲ್ಲ. ಗೊತ್ತಿದ್ದೂ ಹೇಳದೆ ಇದ್ದರೆ ಮಾತ್ರ ಅದು ನಿಮ್ಮ ತಪ್ಪಾಗುತ್ತದೆ. ಮುಂದೆ ಏನಾದರೂ ಆದರೆ ವಿಮೆಯವರೂ ಅದನ್ನೇ ಹಿಡಿದುಕೊಳ್ಳಬಹುದು.

ಮೊದಲು ಫೋಟೋ ತೆಗೆಯಿರಿ. ಸಾಕೆಟ್ ಹತ್ತಿರದಿಂದ ಒಂದು, ಪ್ಲಗ್ಗಿನ ಪಿನ್ ಒಂದು, ಇಡೀ ಗೋಡೆ ಒಂದು. ಫೋನಿನಲ್ಲಿ ಹೇಳಿದರೂ ಮೆಸೇಜೋ ಇಮೇಲೋ ಕಳಿಸಿ, ದಿನ ಮತ್ತು ಹೊತ್ತು ಅದರಲ್ಲಿ ಉಳಿಯುತ್ತದೆ. ಉದ್ದ ಕಥೆ ಬೇಡ, ಕ್ಷಮೆ ಕೇಳುವುದಂತೂ ಬೇಡವೇ ಬೇಡ. "ಮಲಗುವ ಕೋಣೆಯ ಸಾಕೆಟ್ ಸುಟ್ಟಿದೆ. ಆ ಲೈನಿನ ಎಂಸಿಬಿ ಆಫ್ ಮಾಡಿದ್ದೇವೆ. ಬೆಂಕಿಯ ಅಪಾಯ ಇದೆ. ಇವತ್ತೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕಳಿಸಿ." ಇಷ್ಟನ್ನು ಅಲ್ಲಿನ ಭಾಷೆಯಲ್ಲಿ ಬರೆದರೆ ಸಾಕು. ಭಾಷೆ ತೊಡಕಾದರೆ ಅಲ್ಲಿರುವ ನಮ್ಮವರ ಸಂಘದವರನ್ನು ಕೇಳಿ, ರಾತ್ರಿಯಾದರೂ ಪರವಾಗಿಲ್ಲ.

ನಮ್ಮ ಮಾಲೀಕರಿಗೆ 12ನೇ ದಿನ ಹೇಳಿದಾಗ ಅವರು ಹಣದ ಮಾತೇ ಎತ್ತಲಿಲ್ಲ. "ಯಾವಾಗಿನಿಂದ ಹೀಗಿದೆ?" ಎಂದು ಮಾತ್ರ ಕೇಳಿದರು. ಅದಕ್ಕೆ ಉತ್ತರ ಕೊಡಲು ನನಗೆ ಬಾಯೇ ಬರಲಿಲ್ಲ.

ರಿಪೇರಿಯವರು ಬಂದಾಗ

ನಮ್ಮಲ್ಲಿ ಇಂಜಿನಿಯರುಗಳಿಗೆ ಕೊರತೆಯಿಲ್ಲ, ಅದು ಹೆಮ್ಮೆಯ ವಿಷಯವೇ. ಆದರೂ ಮನೆಯ ವೈರಿಂಗಿಗೆ ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಬಾಡಿಗೆ ಮನೆಯಲ್ಲಿ ಇದಕ್ಕೆ ಅನುಮತಿ ಇರುವುದೇ ಕಡಿಮೆ. ನಮ್ಮ ಸಾಕೆಟ್ ಬಿಚ್ಚಿದ ಎಲೆಕ್ಟ್ರಿಷಿಯನ್ ನನ್ನನ್ನು ಕರೆದು ತೋರಿಸಿದರು. ಸ್ಕ್ರೂ ಒಂದೂವರೆ ಸುತ್ತು ಸಡಿಲ. ವೈರಿನ ಮೇಲಿನ ಪ್ಲಾಸ್ಟಿಕ್ ಕಪ್ಪಗಾಗಿ, ಉಗುರು ತಾಗಿಸಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಅವರು ಸುಟ್ಟ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದರು, ಆಮೇಲೆ ಹೊಸ ಸಾಕೆಟ್ ಕೂರಿಸಿದರು. ಬರಿ ಮುಂದಿನ ಪ್ಲೇಟ್ ಬದಲಿಸಿ ಹೊರಟರೆ ಒಪ್ಪಬೇಡಿ, "ಒಳಗಿನ ವೈರ್ ನೋಡಿದಿರಾ?" ಎಂದು ಕೇಳಿ. ಅದೇ ಲೈನಿನ ಉಳಿದ ಸಾಕೆಟ್‌ಗಳನ್ನೂ ನೋಡಲು ಹೇಳಿ. ನಾವು ಹೀಟರ್ ಬದಲಿಸಿ ಹಾಕಿದ್ದ ಪಕ್ಕದ ಸಾಕೆಟ್ಟಿನ ಸ್ಕ್ರೂ ಕೂಡ ಸಡಿಲವಿತ್ತು.

ಸುಟ್ಟ ಸಾಕೆಟ್ಟಿನಲ್ಲಿದ್ದ ಪ್ಲಗ್ಗನ್ನು ಹೊಸ ಸಾಕೆಟ್ಟಿಗೆ ಹಾಕಬೇಡಿ. ಕಪ್ಪಾದ ಪಿನ್ ಅಲ್ಲೂ ಸರಿಯಾಗಿ ಕೂರುವುದಿಲ್ಲ, ಹೊಸದನ್ನೂ ಸುಡುತ್ತದೆ. ಮರಳುಕಾಗದದಿಂದ ಉಜ್ಜಿದರೂ ಪ್ರಯೋಜನವಿಲ್ಲ. ಆ ಪ್ಲಗ್ ಬದಲಿಸಲು ಎಲೆಕ್ಟ್ರಿಷಿಯನ್ನಿಗೇ ಕೊಡಿ. ಪ್ಲಗ್ ವೈರಿನ ಜೊತೆ ಅಚ್ಚಾಗಿ ಬಂದಿದ್ದರೆ ಆ ಹೀಟರ್ ಬಳಸುವುದನ್ನೇ ಬಿಡಿ. ನಾವು ನಮ್ಮದನ್ನು ಅವತ್ತೇ ವೈರ್ ಕತ್ತರಿಸಿ ಎಸೆದೆವು, ಬೇರೆ ಯಾರೂ ಎತ್ತಿಕೊಂಡು ಹೋಗಿ ಬಳಸದ ಹಾಗೆ.