ಮೈನಸ್ ಚಳಿಯಲ್ಲೂ ತೆರೆಯುವ ಬೀಗ ಹುಡುಕಿದ್ದು

ಹಿಮದ ಮೇಲೆ ಓಡುವ ಗಾಡಿ ಸ್ನೋಮೊಬೈಲನ್ನು ಟ್ರೇಲರ್ ಮೇಲೆ ಬಿಗಿದು ಬೀಗ ಹಾಕುವುದರಲ್ಲಿ ಏನಿದೆ ಅಂದುಕೊಂಡಿದ್ದೆ. ಮೊದಲ ಚಳಿಗಾಲ ಮನೆಯಲ್ಲಿದ್ದ ಹಳೆಯ ಬೀಗವನ್ನೇ ತಂದು ಸಿಕ್ಕಿಸಿದೆ. ದಪ್ಪಗಿತ್ತು, ಭಾರವಾಗಿತ್ತು, ಅಷ್ಟೇ ಸಾಕು ಅನ್ನಿಸಿತು. ಎರಡು ಗಂಟೆ ಹೆದ್ದಾರಿಯಲ್ಲಿ ಓಡಿ, ಹಿಮದ ಹಾದಿ ಶುರುವಾಗುವ ಕಡೆ ಗಾಡಿ ನಿಲ್ಲಿಸಿ ಕೀ ಹಾಕಿದೆ. ಅರ್ಧಕ್ಕೇ ನಿಂತಿತು. ಹೊರಗೆ ಮೈನಸ್ 20 ಡಿಗ್ರಿ. ಜೋರಾಗಿ ತಳ್ಳಿ ತಿರುಗಿಸಿದೆ. ಕೀ ಒಳಗೇ ಮುರಿಯಿತು. ಆ ದಿನ ಸ್ನೋಮೊಬೈಲ್ ಟ್ರೇಲರಿನಿಂದ ಕೆಳಗಿಳಿಯಲೇ ಇಲ್ಲ, ಹಾಗೇ ವಾಪಸ್ ಬಂದೆವು.

ಮನೆಗೆ ಬಂದು ಆ ಬೀಗವನ್ನು ಕತ್ತರಿಸಿ ನೋಡಿದಾಗ ಕಾರಣ ತಿಳಿಯಿತು. ಓಡುವಾಗ ಚಕ್ರಗಳು ಎರಚುವ ಕೆಸರುನೀರು ನೇರವಾಗಿ ಬೀಗಕ್ಕೇ ಬಡಿಯುತ್ತದೆ. ಸಾಮಾನ್ಯ ಬೀಗದೊಳಗೆ ಸಣ್ಣ ಪಿನ್ನುಗಳು, ಅವುಗಳ ಹಿಂದೆ ಇನ್ನೂ ಸಣ್ಣ ಸ್ಪ್ರಿಂಗುಗಳು ಇರುತ್ತವೆ. ಪಿನ್ನು ಓಡಾಡುವ ಜಾಗ ಕೂದಲೆಳೆಯಷ್ಟು. ಅಲ್ಲಿ ಒಂದು ಹನಿ ನೀರು ಹೆಪ್ಪುಗಟ್ಟಿದರೂ ಸಾಕು, ಪಿನ್ನು ಅಲ್ಲಾಡುವುದಿಲ್ಲ. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡ ಹಿಗ್ಗುತ್ತದೆ ಬೇರೆ. ನನ್ನದು ಸ್ಟೀಲ್ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ಬೀಗ. ತಗಡುಗಳ ಸಂದಿಯಲ್ಲೆಲ್ಲ ನೀರು, ಉಪ್ಪು, ತುಕ್ಕು ತುಂಬಿತ್ತು.

ಎರಡನೇ ಸಲ ಕೊಳ್ಳುವಾಗ ಮೊದಲು ಅಳತೆ ನೋಡಿದೆ. ಸ್ನೋಮೊಬೈಲಿನ ಮುಂದೆ ಹಿಮದ ಮೇಲೆ ಜಾರುವ ಸ್ಕೀಗಳನ್ನು ಅದುಮಿ ಹಿಡಿಯುವ ಅಡ್ಡಪಟ್ಟಿಯ ಹಿಡಿಯಲ್ಲಿ ಬೀಗಕ್ಕೆ ಒಂದು ತೂತು ಇರುತ್ತದೆ. ನಾನು ಡ್ರಿಲ್ ಬಿಟ್‌ಗಳನ್ನು ಒಂದೊಂದಾಗಿ ತೂರಿಸಿ ನೋಡಿದೆ. 8 ಮಿಲಿಮೀಟರ್ ಹೋಯಿತು, 10 ಹೋಗಲಿಲ್ಲ. ಹಾಗಾಗಿ ಬೀಗದ ಬಾಗಿದ ಕೊಂಡಿ ಎಷ್ಟು ದಪ್ಪ ಇರಬೇಕು ಅನ್ನುವ ಚರ್ಚೆ ಅಲ್ಲಿಗೇ ಮುಗಿಯಿತು. ಇನ್ನೊಂದು ಮಾತು: ಇಲ್ಲಿ ಬೀಗದ ಕೆಲಸ ಹಿಡಿ ತಿರುಗದಂತೆ ತಡೆಯುವುದು ಮಾತ್ರ. ಸ್ನೋಮೊಬೈಲಿನ ಭಾರ, ಎಳೆತ ಯಾವುದೂ ಬೀಗದ ಮೇಲೆ ಬೀಳಬಾರದು. ಹಿಂಭಾಗವನ್ನು ಬಿಗಿಯುವ ಸ್ಟ್ರ್ಯಾಪಿಗೆ ನಾನು ಬೀಗ ಹಾಕುವುದೇ ಇಲ್ಲ. ಚಾಕುವಿನಲ್ಲಿ ಕೊಯ್ಯಬಹುದಾದ ಪಟ್ಟಿಗೆ ಬೀಗ ಯಾಕೆ, ಅಲ್ವಾ? ರಾತ್ರಿ ನಿಲ್ಲಿಸುವಾಗ ಗಟ್ಟಿ ಚೈನನ್ನು ಸ್ನೋಮೊಬೈಲಿನ ಚೌಕಟ್ಟಿನೊಳಗಿಂದ ತೂರಿಸಿ ಟ್ರೇಲರಿಗೆ ಬಿಗಿಯುತ್ತೇನೆ.

ಆಮೇಲೆ ಲೋಹದ ಆಯ್ಕೆ. ಹಿತ್ತಾಳೆ ಮೈ ತುಕ್ಕು ಹಿಡಿಯುವುದಿಲ್ಲ, ಅದು ಸುಲಭದ ತೀರ್ಮಾನ. ಕೊಂಡಿಯ ವಿಷಯದಲ್ಲಿ ತುಂಬ ಯೋಚಿಸಿದೆ. ಸ್ಟೇನ್‌ಲೆಸ್ ಸ್ಟೀಲ್ ಉಪ್ಪುನೀರಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಗಟ್ಟಿಮಾಡಿದ ಬೋರಾನ್ ಸ್ಟೀಲಿನಷ್ಟು ಕಳ್ಳರ ಕಟ್ಟರಿಗೆ (ಲೋಹ ಕತ್ತರಿಸುವ ದೊಡ್ಡ ಕತ್ತರಿಗೆ) ಬಗ್ಗದೆ ನಿಲ್ಲುವುದಿಲ್ಲ. ನಾನು ಬೋರಾನ್ ಕೊಂಡಿಯದನ್ನೇ ತೆಗೆದುಕೊಂಡೆ. ತುಕ್ಕನ್ನು ನಾನು ಒರೆಸಬಹುದು, ಕತ್ತರಿಸಿದ ಕೊಂಡಿಯನ್ನು ಜೋಡಿಸಲು ಆಗುವುದಿಲ್ಲ. ಕೊಂಡಿ ಗಿಡ್ಡ ಇದ್ದಷ್ಟೂ ಒಳ್ಳೆಯದು. ಕಟ್ಟರಿಗೆ ಜಾಗ ಸಿಗುವುದಿಲ್ಲ, ದಾರಿಯುದ್ದಕ್ಕೂ ಲಟಲಟ ಅನ್ನುವುದೂ ಇಲ್ಲ.

ನಂಬರ್ ಬೀಗ ನನಗೆ ಹಿಡಿಸಲಿಲ್ಲ. ಕೈಗವಸು ಹಾಕಿ ಚಕ್ರ ತಿರುಗಿಸಲು ಆಗುವುದಿಲ್ಲ, ಸಂದಿಗಳೂ ಜಾಸ್ತಿ.

ನಿಜವಾಗಿ ವ್ಯತ್ಯಾಸ ಮಾಡಿದ್ದು ಒಳಗಿನ ಯಂತ್ರ. ಬಿಲ್ಲೆಗಳು ಸುತ್ತುವ ಬೀಗ ಅಂತ ಒಂದು ಜಾತಿ ಇದೆ. ಫಿನ್‌ಲೆಂಡಿನ ಎಮಿಲ್ ಹೆನ್ರಿಕ್‌ಸನ್ 1907ರಲ್ಲಿ ಕಂಡುಹಿಡಿದದ್ದು, ಅಬ್ಲಾಯ್ ಕಂಪನಿಯ ಬೀಗಗಳು ಅದರಿಂದಲೇ ಬಂದವು. ಅದರಲ್ಲಿ ಪಿನ್ನಿನ ಹಿಂದಿನ ಸ್ಪ್ರಿಂಗುಗಳಿಲ್ಲ. ಕೀ ತಿರುಗಿದಂತೆ ಬಿಲ್ಲೆಗಳೂ ಜೊತೆಗೇ ತಿರುಗುತ್ತವೆ, ತೆಳುವಾದ ಮಂಜುಗಡ್ಡೆ ಇದ್ದರೆ ಮುರಿದುಕೊಂಡೇ ತಿರುಗುತ್ತವೆ. ಕೀಯೂ ದಪ್ಪ, ಕೈಗವಸಿನಲ್ಲೂ ಹಿಡಿತ ಸಿಗುತ್ತದೆ. ನಾಲ್ಕು ಬೀಗಕ್ಕೂ ಒಂದೇ ಕೀ ಆಗುವಂತೆ ಕೇಳಿ ತೆಗೆದುಕೊಂಡೆ. ಚಳಿಯಲ್ಲಿ ನಿಂತು ಕೀ ಗೊಂಚಲು ತಡಕಾಡುವ ಕಷ್ಟ ತಪ್ಪಿತು.

ಬೀಗವನ್ನು ಕೀ ತೂತು ಕೆಳಗೆ ಬರುವಂತೆ ನೇತುಹಾಕುತ್ತೇನೆ, ಒಳಗೆ ಹೋದ ನೀರು ತಾನೇ ಇಳಿಯುತ್ತದೆ. ಮೇಲೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಕವಚದ ಹಾಗೆ ಹಾಕುತ್ತೇನೆ, ಕೆಳಗಡೆ ಮಾತ್ರ ಬಿಟ್ಟು. ಒಳಕ್ಕೆ ಒಣ ಟೆಫ್ಲಾನ್ ಸ್ಪ್ರೇ ಹೊಡೆಯುತ್ತೇನೆ. ದಪ್ಪ ಎಣ್ಣೆ ಬೇಡವೇ ಬೇಡ, ಚಳಿಗೆ ಅಂಟಾಗಿ ಕೂತುಬಿಡುತ್ತದೆ.

ಹೆಪ್ಪುಗಟ್ಟಿದರೆ ಬಿಸಿನೀರು ಹೊಯ್ಯಬೇಡಿ, ಐದು ನಿಮಿಷದಲ್ಲಿ ಅದೂ ಗಡ್ಡೆಯಾಗುತ್ತದೆ. ಬಾಯಿಂದ ಊದಿದರೂ ಅಷ್ಟೇ, ಉಸಿರಿನ ತೇವ ಒಳಗೆ ಸೇರುತ್ತದೆ. ಪೆಟ್ರೋಲ್ ಟ್ಯಾಂಕಿನ ಪಕ್ಕ ಲೈಟರ್ ಹಚ್ಚುವುದಂತೂ ದಯವಿಟ್ಟು ಬೇಡ. ಐಸೊಪ್ರೊಪೈಲ್ ಆಲ್ಕೋಹಾಲಿನ ಸಣ್ಣ ಬಾಟಲಿ ನನ್ನ ಜಾಕೆಟ್ ಜೇಬಿನಲ್ಲೇ ಇರುತ್ತದೆ. ಅದು ಮೈನಸ್ 89 ಡಿಗ್ರಿವರೆಗೂ ಗಟ್ಟಿಯಾಗುವುದಿಲ್ಲ. ನಾಲ್ಕು ಹನಿ ಬಿಟ್ಟು ಸ್ವಲ್ಪ ಕಾಯಬೇಕು. ಮನೆಗೆ ಬಂದ ಮೇಲೆ ಬೀಗ ಒಣಗಿಸಿ ಮತ್ತೆ ಸ್ಪ್ರೇ ಮಾಡಬೇಕು, ಯಾಕೆಂದರೆ ಆಲ್ಕೋಹಾಲು ಮೊದಲಿನ ಲೇಪವನ್ನೂ ತೊಳೆದಿರುತ್ತದೆ.

ಈಗ ಹೊಸ ಬೀಗ ತಂದರೆ ಮೊದಲು ಮನೆಯಲ್ಲೇ ಪರೀಕ್ಷೆ. ನೀರಲ್ಲಿ ಅದ್ದಿ, ಕೊಡವಿ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಕೈಗವಸು ಹಾಕಿಕೊಂಡೇ ತೆರೆದು ನೋಡುತ್ತೇನೆ. ಕಳೆದ ಸಲ ಮೂರು ಬೀಗ ಇಟ್ಟಿದ್ದೆ. ತಗಡಿನದಕ್ಕೆ ಕೀ ಹೋಗಲೇ ಇಲ್ಲ. ಹಿತ್ತಾಳೆಯ ಪಿನ್ ಬೀಗ ಆಲ್ಕೋಹಾಲ್ ಬಿಟ್ಟ ಮೇಲೆ ತೆರೆಯಿತು. ಬಿಲ್ಲೆಯದು ಚಟ್ ಅಂತ ಒಂದು ಸದ್ದು ಮಾಡಿ ತಿರುಗಿತು. ಮುಚ್ಚುವಾಗ ಮಾತ್ರ ಕೊಂಡಿ ಪೂರ್ತಿ ಕೂರಲಿಲ್ಲ, ತೂತಿನಲ್ಲಿ ಮಂಜುಗಡ್ಡೆ ಇತ್ತು. ಅವತ್ತಿನಿಂದ ಬೀಗ ಹಾಕಿದ ಮೇಲೆ ಪ್ರತಿಸಲ ಒಮ್ಮೆ ಜಗ್ಗಿ ನೋಡುತ್ತೇನೆ.